ಕತ್ತೆಮರಿಯ ನಗು

ಮಂಗಳವಾರ, ಬೆಳಗಿನ ಟೀ ಕುಡಿದ ಮೇಲೆ

ಮುಖ ಊದಿಸಿಕೊಂಡು ಕೂತಿರುವ ನನ್ನ ಪುಟ್ಟಿಗೆ,

ಅಮ್ಮನ ಅರ್ಧ ಮುಖದ ಪ್ರೀತಿ. ಇನ್ನರ್ಧ ಇನ್ನೂ ಕೆಲಸಕ್ಕೆ ಬಂದಿಲ್ಲ.

ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ಹೇಳಬೇಕಾದದ್ದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ ಬಿಡು. ಬಾಯಿ ಈಗ ಒಂದು ಕಡೆ ಮಾತ್ರ ಮುಚ್ಚುತ್ತದೆ. ಪುಟ್ಟಿ ಅಂತ ಕರೆದರೆ ತುಟಿಯ ಸಂದಿಯಿಂದ ಗಾಳಿ ಹೋಗಿ, ಬಿಸಿ ಹಾಲು ಊದಿದ ಹಾಗೆ ಕೇಳಿಸುತ್ತದೆ. ಅದಕ್ಕೇ ಕಾಗದ. ಅಂಚೆಗೆ ಹಾಕಿದರೆ ಶುಕ್ರವಾರದೊಳಗೆ ತಲುಪುತ್ತದೋ ಇಲ್ಲವೋ ಅಂತ ನಿಮ್ಮಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಇದನ್ನು ಓದುವಷ್ಟು ಹೊತ್ತು ಅವರು ಮುಂದಿನ ಕೋಣೆಯಲ್ಲಿ ಪೇಪರ್ ಹಿಡಿದು ಓದುವ ಹಾಗೆ ನಟಿಸುತ್ತಾರೆ. ನಮ್ಮ ಮೂವರಲ್ಲಿ ನಟನೆ ಬಾರದವರು ಅವರೊಬ್ಬರೇ, ಪಾಪ. ನೋಡಿಯೂ ನೋಡದ ಹಾಗೆ ಇರು. ಒಂದು ಲೋಟ ಟೀ ಕೊಡು, ಸಕ್ಕರೆ ಕೇಳಿದರೆ ಕೊಡಬೇಡ.

ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಹನ್ನೊಂದು ಗಂಟೆಗೆ ಸ್ಟುಡಿಯೋದಲ್ಲಿ ಕತ್ತೆಮರಿಯ ದನಿಗೆ, ಕಾರ್ಟೂನಿನಲ್ಲಿ ಇಷ್ಟು ವರ್ಷ ನಾನು ಕೊಡುತ್ತಿದ್ದ ಆ ದನಿಗೆ, ಎರಡನೇ ಸುತ್ತಿನ ಆಯ್ಕೆ. ಬಂದ ಅಷ್ಟೂ ದನಿಗಳಲ್ಲಿ ಇಬ್ಬರನ್ನು ಉಳಿಸಿಕೊಂಡಿದ್ದಾರೆ, ಒಬ್ಬಳು ನೀನು. ಅಲ್ಲಿಗೆ ಬರುವುದಿಲ್ಲ ಅಂತ ನೀನು ಹೇಳಿ ಕಳಿಸಿದ್ದೀಯಂತೆ. ಕಾರ್ಟೂನಿನ ಡೈರೆಕ್ಟರು ಇವತ್ತು ಬೆಳಿಗ್ಗೆ ನನಗೆ ಫೋನ್ ಮಾಡಿ, ನಿಮ್ಮ ಮಗಳಿಗೆ ನೀವಾದರೂ ಒಂದು ಮಾತು ಹೇಳಿ ಅಂದರು. ನೀನು ಬರದಿದ್ದರೆ ಪಾತ್ರ ಆ ಇನ್ನೊಬ್ಬಳಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ನೀನು ಬರಬೇಕು. ಈ ಕಾಗದ ಬರೆದದ್ದೇ ಇಷ್ಟು ಹೇಳಲು. ಉಳಿದದ್ದೆಲ್ಲ ಯಾಕೆ ಬರಬೇಕು ಅನ್ನುವುದರ ಬಗ್ಗೆ.

ನೀನು ಆ ದಿನ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. ಏಳನೇ ನಂಬರು ನಾನೇ ಅಂದೆ. ನೀನು ನನ್ನ ಗುರುತೇ ಹಿಡಿಯಲಿಲ್ಲ ಅಲ್ಲವೇನಮ್ಮ ಅಂದೆ. ಇಟ್ಟುಬಿಟ್ಟೆ. ಬೈದಿದ್ದರೆ ವಾಸಿಯಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇರುತ್ತದೆ, ಸೀರಿಯಲ್ಲಿನಲ್ಲಿ ಅಷ್ಟು ವರ್ಷ ಅದೇ ತಾನೇ ನನ್ನ ಕಸುಬು. ನೀನು ಇಟ್ಟ ಮೇಲೂ ಫೋನನ್ನು ಕಿವಿಗೆ ಹಿಡಿದುಕೊಂಡು ಹಾಗೇ ನಿಂತಿದ್ದೆ. ನಿಮ್ಮಪ್ಪ ಬಂದು ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು.

ನಿನಗೆ ಬೇಜಾರಾಯಿತು ಅಂತ ಗೊತ್ತು. ನನಗೆ ಏನಾಯಿತು ಅಂತ ಕೇಳಿದರೆ, ಏನೂ ಆಗಲಿಲ್ಲ. ನಿಜವಾಗಿ ಹೇಳುತ್ತಿದ್ದೇನೆ. ಈ ಕೆಲವು ತಿಂಗಳಿಂದ ನನಗೆ ಏನೂ ಅನ್ನಿಸುವುದೇ ಇಲ್ಲ. ಮೊದಮೊದಲು ಮುಖದ ಎಡಗಡೆ ಮಾತ್ರ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಒಳಗೂ ಹಾಗೇ ಆಗಿದೆ.

ಅದು ಶುರುವಾದ ದಿನದ ಕಥೆಯನ್ನು ನಿನಗೆ ಪೂರ್ತಿ ಹೇಳಿಲ್ಲ. ಹೇಳಿದ್ದೆಲ್ಲ ತಮಾಷೆ ಮಾಡಿ ಹೇಳಿದ್ದು. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಪಕ್ಕದಿಂದ ಸೋರಿ ನೈಟಿ ಒದ್ದೆಯಾಯಿತು. ವಯಸ್ಸಾಯಿತು ನೋಡು ಅಂದುಕೊಂಡು ಬೇರೆ ಬಟ್ಟೆ ಹಾಕಿಕೊಂಡು ಶೂಟಿಂಗಿಗೆ ಹೋದೆ. ಮೇಕಪ್ಪಿನವಳು ಎಡಗಣ್ಣಿಗೆ ಕಾಡಿಗೆ ಹಚ್ಚುವಾಗ ಕಣ್ಣು ಮುಚ್ಚಿ ಅಮ್ಮಾ ಅಂದಳು. ಮುಚ್ಚಿದ್ದೀನಲ್ಲೇ ಅಂದೆ. ಅವಳು ಬೆರಳಿಂದ ರೆಪ್ಪೆ ಎಳೆದು ಹಿಡಿದು ಹಚ್ಚಿದಳು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಸೀರಿಯಲ್ಲಿನ ಸೀನು ಯಾವಾಗಿನದೇ. ಕೆಳಗಿನ ಮನೆಯವರು ಊಟಕ್ಕೆ ಕೂತಿರುತ್ತಾರೆ, ಮಹಡಿ ಮೇಲೆ ಬಾಡಿಗೆಗಿರುವ ಆಂಟಿ ಖಾಲಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಮಾತಿಗೆ ಮುಂಚೆ ಎಡಹುಬ್ಬು ಎತ್ತುತ್ತಾಳೆ. ಅಷ್ಟಕ್ಕೇ ಜನ ನಗುತ್ತಾರೆ, ಆಮೇಲೆ ನಾನು ಆಡುವ ಮಾತು ಬರೀ ಮೇಲೋಗರ. ಆ ಹುಬ್ಬಿನ ಭಾಗ್ಯದಿಂದಲ್ಲವೇ ನಾನು ಒಂದು ದಿನದ ಪಾತ್ರಕ್ಕೆ ಹೋದವಳು ನೀನು ಶಾಲೆ ಸೇರಿ ಕಾಲೇಜು ಮುಗಿಸಿ ಸಂಸಾರಕ್ಕೆ ಬೀಳುವವರೆಗೂ ಆ ಮಹಡಿ ಮೇಲೇ ಉಳಿದದ್ದು. ಟೈಟಲ್ಲಿನಲ್ಲಿ ನಿಮ್ಮ ಹುಬ್ಬಿನ ಹೆಸರನ್ನು ಬೇರೆಯಾಗಿ ಹಾಕಬೇಕು ಅಂತ ಹಳೇ ಡೈರೆಕ್ಟರು ಕೀಟಲೆ ಮಾಡುತ್ತಿದ್ದರು.

ಆ ದಿನ ಬಾಗಿಲಲ್ಲಿ ನಿಂತೆ, ಹುಬ್ಬು ಎತ್ತಿದೆ, ಯಾರೂ ನಗಲಿಲ್ಲ. ಲೈಟಿನವರು, ಕ್ಯಾಮೆರಾದವರು, ಊಟಕ್ಕೆ ಕೂತ ನಟರು, ಎಲ್ಲರೂ ನನ್ನನ್ನೇ ನೋಡುತ್ತ ಕಾಯುತ್ತಿದ್ದರು. ಡೈರೆಕ್ಟರು ಕಟ್ ಹೇಳಿ, ಅಮ್ಮಾ ಹುಬ್ಬು ಮರೆತಿರಿ ಅಂದರು. ಎತ್ತಿದೆನಲ್ಲಪ್ಪ ಅಂದೆ. ಇನ್ನೊಂದು ಸಲ ಎತ್ತಿದೆ. ಮತ್ತೊಂದು ಸಲ. ಕೊನೆಗೆ ಮಾನಿಟರಿನ ಮುಂದೆ ಕೂರಿಸಿ ತೋರಿಸಿದರು. ನನ್ನದೇ ಮುಖ. ಬಲಗಡೆ ಮಹಡಿ ಆಂಟಿ ಇದ್ದಳು, ಎಡಗಡೆ ಯಾರೋ ನಿದ್ದೆ ಮಾಡುತ್ತಿದ್ದರು. ಅದನ್ನು ನೋಡಿ ನಾನು ಅಳಲಿಲ್ಲ, ಗಾಬರಿಯಾಗಲಿಲ್ಲ. ಸರಿ, ಇವತ್ತಿನ ಶೂಟಿಂಗ್ ಹಾಳಾಯಿತು ಅಂತ ಅಷ್ಟೇ ಅನ್ನಿಸಿತು. ಊಟದ ದೃಶ್ಯಕ್ಕೆ ಇಟ್ಟ ಅನ್ನ ಆರುತ್ತಿದೆ ಅಂತಲೂ ಅನ್ನಿಸಿತು.

ನರದ ಡಾಕ್ಟರು ಹತ್ತಿಯ ಎಳೆಯಿಂದ ಕೆನ್ನೆ ಸವರಿ, ಇಲ್ಲಿ ಗೊತ್ತಾಗುತ್ತದಾ, ಇಲ್ಲಿ ಗೊತ್ತಾಗುತ್ತದಾ ಅಂತ ಕೇಳಿದರು. ಎಲ್ಲದಕ್ಕೂ ಇಲ್ಲ ಅಂದೆ. ಮುಖದ ನರ ಸೋತಿದೆ, ಕೆಲವರಿಗೆ ಬೇಗ ಸರಿಹೋಗುತ್ತದೆ, ಕೆಲವರಿಗೆ ನಿಧಾನ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ ಅಂದರು. ಬೇಗದವರ ಗುಂಪಿನಿಂದ ನಾನು ಹೊರಗೆ ಬಿದ್ದು ಆಗಲೇ ಎಷ್ಟೋ ದಿನವಾಯಿತು. ಕಣ್ಣು ಮುಚ್ಚುವುದಿಲ್ಲವಲ್ಲ, ಮಲಗುವ ಮುಂಚೆ ನಿಮ್ಮಪ್ಪ ರೆಪ್ಪೆ ಎಳೆದು ಟೇಪು ಅಂಟಿಸುತ್ತಾರೆ. ಪಾರ್ಸೆಲ್ ಕಟ್ಟುವವರ ಹಾಗೆ ನಾಲ್ಕೂ ಅಂಚು ಒತ್ತಿ ನೋಡುತ್ತಾರೆ. ಟೀಯನ್ನು ಸ್ಟ್ರಾ ಹಾಕಿ ಕುಡಿಯುತ್ತೇನೆ. ಹಗಲೆಲ್ಲ ಎಡಗಣ್ಣಿನಿಂದ ನೀರು ಸುರಿಯುತ್ತಿರುತ್ತದೆ. ಬೀದಿಯವರು ಆಂಟಿ ಅಳುತ್ತಿದ್ದಾರೆ ಅಂದುಕೊಂಡು ಸಮಾಧಾನ ಮಾಡಲು ಬರುತ್ತಾರೆ. ಅದು ನನ್ನ ಅಳು ಅಲ್ಲ ಕಣ್ರೀ, ಆ ಕಣ್ಣಿಗೆ ಬೇರೆ ಕೆಲಸ ಇಲ್ಲ ಅಷ್ಟೇ ಅಂತ ಹೇಳಿ ಕಳಿಸುತ್ತೇನೆ.

ಸೀರಿಯಲ್ಲಿನವರು ಕೆಟ್ಟವರಲ್ಲ, ಕಾದರು. ಆಮೇಲೆ ಮಹಡಿ ಆಂಟಿ ತಂಗಿಯ ಹೆರಿಗೆಗೆ ಸಹಾಯ ಮಾಡಲು ಹೋಗಿದ್ದಾಳೆ ಅಂತ ಬರೆದರು. ನನಗೇ ಅರವತ್ತು ದಾಟಿದೆ, ನನ್ನ ತಂಗಿಗೆ ಈಗ ಹೆರಿಗೆ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಈಗ ಆ ಮಹಡಿಗೆ ಒಬ್ಬ ಹಾಡು ಕಲಿಸುವ ಮೇಷ್ಟ್ರು ಬಂದಿದ್ದಾನೆ. ನಾನೂ ನೋಡುತ್ತೇನೆ. ಚೆನ್ನಾಗಿ ಮಾಡುತ್ತಾನೆ. ಹೊಟ್ಟೆ ಉರಿಯಬೇಕಿತ್ತು, ಉರಿಯುವುದಿಲ್ಲ.

ಮುಖ ಹೋದರೆ ಹೋಗಲಿ, ಕತ್ತೆಮರಿ ಇದೆಯಲ್ಲ ಅಂತ ನಿಮ್ಮಪ್ಪ ಅಂದಿದ್ದರು. ಕಾರ್ಟೂನಿಗೆ ಮುಖ ಬೇಡ, ಬರೀ ದನಿ. ಆದರೆ ಆ ಮರಿ ಮಾತಿಗೊಮ್ಮೆ ಅಮ್ಮಾ ಅನ್ನುತ್ತದೆ, ಅದಕ್ಕೆ ಎರಡು ತುಟಿಯೂ ಬೇಕು. ಒಂದು ಬೆಳಿಗ್ಗೆ ಪೂರ್ತಿ ಮೈಕಿನ ಮುಂದೆ ನಿಂತೆ. ಕೆನ್ನೆಯನ್ನು ಬೆರಳಿಂದ ಒತ್ತಿ ಹಿಡಿದೂ ನೋಡಿದೆ. ಗಾಜಿನಾಚೆ ಕೂತಿದ್ದ ಸೌಂಡ್ ಇಂಜಿನಿಯರ್ ಮೇಡಂ, ಅದೇ ಯಾವಾಗಲೂ ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡಿರುವ ಹುಡುಗಿ, ಪರವಾಗಿಲ್ಲ ಅಮ್ಮಾ ಪರವಾಗಿಲ್ಲ ಅಂತ ಅನ್ನುತ್ತಲೇ ಇದ್ದಳು. ಅಷ್ಟು ಸಲ ಪರವಾಗಿಲ್ಲ ಅಂದಾಗಲೇ ತಿಳಿಯಿತು. ನಾನೇ ಕಾರ್ಟೂನಿನ ಡೈರೆಕ್ಟರ ಹತ್ತಿರ ಹೋಗಿ ಬೇರೆ ದನಿ ಹುಡುಕಿಕೊಳ್ಳಿ ಅಂದೆ. ಮಕ್ಕಳಿಗೆ ವ್ಯತ್ಯಾಸ ತಿಳಿಯಬಾರದು, ನೀವೇ ಕೇಳಿ ಆರಿಸಿಕೊಡಿ ಅಂತ ಅವರು ಕೈ ಹಿಡಿದು ಕೇಳಿಕೊಂಡರು. ಒಪ್ಪಿಕೊಂಡೆ.

ನಿನಗೆ ನೆನಪಿದೆಯೋ ಇಲ್ಲವೋ, ನೀನು ಒಂದನೇ ಕ್ಲಾಸಿನಲ್ಲಿದ್ದಾಗ ಟೀಚರು ಎಲ್ಲ ಮಕ್ಕಳನ್ನೂ ಎಬ್ಬಿಸಿ ಅಪ್ಪ ಏನು, ಅಮ್ಮ ಏನು ಅಂತ ಕೇಳಿದರಂತೆ. ನೀನು ಎದ್ದು ನಿಂತು, ನಮ್ಮಪ್ಪ ಫ್ಯಾಕ್ಟರಿ, ನಮ್ಮಮ್ಮ ಕತ್ತೆ ಅಂದೆ. ಟೀಚರು ನನ್ನನ್ನು ಕರೆಸಿ, ಮಗುವಿನ ಮುಂದೆ ಮನೆಯಲ್ಲಿ ಹಾಗೆಲ್ಲ ಬೈದಾಡಬಾರದು ಅಂತ ಬುದ್ಧಿ ಹೇಳಿದರು. ನಾನು ಅವರ ಮೇಜಿನ ಮುಂದೆ ನಿಂತು ಕತ್ತೆಮರಿಯ ದನಿಯಲ್ಲಿ ಸಾರಿ ಟೀಚರ್ ಅಂದೆ. ಆ ಹೆಂಗಸು ಕುರ್ಚಿಯಿಂದ ಬೀಳುವುದೊಂದು ಬಾಕಿ. ಆವತ್ತಿಂದ ನೀನು ಸಿಟ್ಟು ಬಂದಾಗಲೆಲ್ಲ ನನ್ನನ್ನು ಕತ್ತೆ ಅಂತಲೇ ಕರೆದೆ, ನಾನೂ ಓಗೊಟ್ಟೆ.

ಈ ಕೆಲಸಕ್ಕೆ ನೀನು ಬರುವುದು ಬೇಡ ಅಂತ ನಾನು ಹೇಳುತ್ತಿದ್ದುದು ನಿಜ. ಕಷ್ಟ ಅಂತಲ್ಲ. ಎಲ್ಲಿ ಹೋದರೂ ಮಹಡಿ ಆಂಟಿಯ ಮಗಳು ಅನ್ನುತ್ತಾರೆ ಅಂತ. ನೀನು ಹಟ ಹಿಡಿದು ಬಂದೆ, ನನ್ನ ಹೆಸರು ಎಲ್ಲೂ ಎತ್ತದೆ ಜಾಹೀರಾತಿಗೆ, ಬ್ಯಾಂಕಿನ ಫೋನಿಗೆ, ಲಿಫ್ಟಿಗೆ ದನಿ ಕೊಟ್ಟೆ. ನಾನು ಒಂದು ಮಾತೂ ಆಡಲಿಲ್ಲ ಅಂತ ನಿನಗೆ ಬೇಸರವಿದೆ, ಗೊತ್ತು. ಒಂದು ಸಂಗತಿ ಹೇಳುತ್ತೇನೆ ಕೇಳು. ನರದ ಡಾಕ್ಟರ ಆಸ್ಪತ್ರೆಯ ಲಿಫ್ಟಿನಲ್ಲಿ ಇರುವುದು ನೀನು. ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ ಅನ್ನುತ್ತೀಯ. ಮೊದಲ ದಿನ ಅಲ್ಲಿ ನಿಂತಾಗ ಬಾಯಿ ಸೊಟ್ಟ, ಕಣ್ಣಲ್ಲಿ ನೀರು, ಕೈಯಲ್ಲಿ ಸ್ಕ್ಯಾನಿನ ಕವರು, ತಲೆ ಮೇಲಿನ ಸ್ಪೀಕರಿನಿಂದ ನೀನು, ಮೂರನೇ ಮಹಡಿ ಅಂದೆ. ನಿಮ್ಮಪ್ಪನಿಗೆ ತಿಳಿಯಲೇ ಇಲ್ಲ. ನಾನು ಇಳಿಯಲಿಲ್ಲ. ಏನೋ ಮರೆತವಳ ಹಾಗೆ ನಟಿಸಿ ಮೇಲಿನವರೆಗೂ ಹೋಗಿ ಬಂದೆ. ಈಗಲೂ ಹೋದಾಗಲೆಲ್ಲ ಹಾಗೇ ಮಾಡುತ್ತೇನೆ. ಲಿಫ್ಟ್ ಹತ್ತಿ ಇಳಿಯುವುದು ನರಕ್ಕೆ ಒಳ್ಳೆಯದಂತೆ ಅಂತ ಅವರಿಗೆ ಹೇಳಿದ್ದೇನೆ, ನಂಬಿದ್ದಾರೆ.

ಅಂದರೆ ನಿನ್ನ ದನಿ ನನಗೆ ಗೊತ್ತು ಪುಟ್ಟಿ. ಹಾಗಿದ್ದೂ ಏಳನೇ ನಂಬರಿನಲ್ಲಿ ನಿನ್ನನ್ನು ಯಾಕೆ ಗುರುತು ಹಿಡಿಯಲಿಲ್ಲ ಅನ್ನುವುದನ್ನು ಈಗ ಬರೆಯಬೇಕು.

ಆ ದಿನ ಸ್ಟುಡಿಯೋದ ಚಿಕ್ಕ ಕೋಣೆಯಲ್ಲಿ ನಾನು, ಡೈರೆಕ್ಟರು, ಇಂಜಿನಿಯರ್ ಮೇಡಂ ಮೂವರೇ ಇದ್ದೆವು. ಗೋಡೆಗೆಲ್ಲ ಬೂದು ಸ್ಪಂಜು, ಕಿಟಕಿ ಇಲ್ಲ, ಎಸಿ ಸದ್ದು ಮಾಡುತ್ತದೆ ಅಂತ ಅದನ್ನೂ ಆರಿಸಿದ್ದರು. ಹೆಸರು ಗೊತ್ತಾದರೆ ಮುಲಾಜು ಬರುತ್ತದೆ ಅಂತ ದನಿಗಳಿಗೆ ಬರೀ ನಂಬರು ಕೊಟ್ಟಿದ್ದರು. ಎಲ್ಲರಿಗೂ ಒಂದೇ ಸೀನು. ಮೊದಲನೇ ಕಂತಿನಲ್ಲಿ ಕತ್ತೆಮರಿ ಕೆಸರು ಗುಂಡಿಗೆ ಬೀಳುತ್ತದಲ್ಲ, ಅದು. ಅಮ್ಮಾ ನಾನು ಬಿದ್ದಿಲ್ಲ, ಕೂತಿದ್ದೀನಿ ಅನ್ನುತ್ತದೆ. ಆಮೇಲೆ ತನ್ನ ಮಾತಿಗೆ ತಾನೇ ನಗುತ್ತದೆ. ಮೊದಲು ಒಂದು ಬಿಕ್ಕಳಿಕೆ ಬಂದು ಅದರ ಬಾಲ ಹಿಡಿದು ನಗು ಬರುವ ಆ ನಗುವಿಗೇ ಅಲ್ಲವೇ ಆ ಮರಿ ಎಲ್ಲರ ಮನೆಯದಾದದ್ದು. ನನಗೆ ಬಂದ ಬಹುಮಾನಗಳೂ ಅದಕ್ಕೇ ಬಂದವು. ನಿಮ್ಮಪ್ಪ ಅವನ್ನು ಟೀವಿ ಪಕ್ಕ ಸಾಲಾಗಿ ಇಟ್ಟು ಒರೆಸುತ್ತಿರುತ್ತಾರೆ.

ಒಂದಾದ ಮೇಲೆ ಒಂದು ಕೇಳಿದೆ. ಕೆಲವರು ಕಿರುಚಿದರು. ಕೆಲವರು ಮೂಗಿನಲ್ಲಿ ಮಾತಾಡಿದರೆ ಮಗು ಆಗುತ್ತದೆ ಅಂದುಕೊಂಡಿದ್ದರು. ಏಳನೆಯದು ಬಂತು. ಅದು ನನ್ನ ದನಿಯೇ. ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೋ ಅಲ್ಲೇ ಉಸಿರು, ಎಲ್ಲಿ ಎಳೆಯುತ್ತೇನೋ ಅಲ್ಲೇ ಎಳೆತ. ಬಿಕ್ಕಳಿಕೆ ಕೂಡ ಅಳತೆ ಹಿಡಿದು ಇಟ್ಟ ಹಾಗಿತ್ತು. ಡೈರೆಕ್ಟರು ಇದೇ ಇದೇ ಅಂತ ನನ್ನ ಕಡೆ ನೋಡಿದರು. ನಾನು ಹಾಳೆಯಲ್ಲಿ ಬರೆದೆ, ನಕಲು ಚೆನ್ನಾಗಿದೆ, ಜೀವ ಇಲ್ಲ. ಆ ಹಾಳೆಯನ್ನು ಅವರು ಹಾಗೇ ಎಲ್ಲರಿಗೂ ಕಳಿಸಿಬಿಡುತ್ತಾರೆ ಅಂತ ನನಗೇನು ಗೊತ್ತು. ಗೊತ್ತಿದ್ದರೂ ಅದನ್ನೇ ಬರೆಯುತ್ತಿದ್ದೆ ಅನ್ನು. ಏಳನೇ ನಂಬರಿನಲ್ಲಿ ನೀನು ಎಲ್ಲೂ ಇರಲಿಲ್ಲ. ಲಿಫ್ಟಿನಲ್ಲಿ ನೀನಿದ್ದೀಯ. ಅಲ್ಲಿ ಇರಲಿಲ್ಲ.

ಕೊನೆಯದಾಗಿ ಇನ್ನೊಂದು ಹಾಕಿದರು. ಮಾತು ಸುಮಾರಾಗಿತ್ತು, ಹೊಸಬಳು, ಸ್ವಲ್ಪ ಹೆದರಿದ್ದಾಳೆ ಅನ್ನಿಸಿತು. ಆಮೇಲೆ ನಗು ಬಂತು. ಬಿಕ್ಕಳಿಸಿ, ಒಂದು ಕ್ಷಣ ತಡೆದು, ತಡೆಯಲಾರದೆ ಉಕ್ಕಿ ಬಂದ ನಗು. ನನ್ನ ಬಲಗಣ್ಣಿನಲ್ಲಿ ನೀರು ಬಂತು. ಎಡಗಣ್ಣಿನದನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ, ಬಲಗಣ್ಣಿನಲ್ಲಿ ಬಂತು. ಅಷ್ಟು ದಿನದ ಮೇಲೆ ಏನೋ ಒಂದು ಅನ್ನಿಸಿತಲ್ಲ ಅಂತ ನನಗೇ ಆಶ್ಚರ್ಯ. ಇವಳೇ ಅಂತ ಮೇಜು ತಟ್ಟಿ ತೋರಿಸಿದೆ.

ಇಂಜಿನಿಯರ್ ಮೇಡಂ ಹೆಡ್‌ಫೋನ್ ಕೆಳಗಿಳಿಸಿ ನಕ್ಕಳು. ಅಮ್ಮಾ, ಇದು ನೀವೇ, ಮೊದಲನೇ ಕಂತಿನ ಹಳೇ ಟೇಪು, ಹೋಲಿಸಿ ನೋಡಲು ಕೊನೆಗೆ ಸೇರಿಸಿದ್ದೆ ಅಂದಳು. ಡೈರೆಕ್ಟರು ಚಪ್ಪಾಳೆ ತಟ್ಟಿದರು. ನಿಮ್ಮ ದನಿಗೆ ನೀವೇ ಸಾಟಿ ಅಂದರು. ನಾನೂ ನಕ್ಕೆ, ಅರ್ಧ. ಮನೆಗೆ ಬಂದು ಸೂಪು ಕುಡಿದೆ. ಸಂಜೆ ನಿನ್ನ ಫೋನು ಬಂತು.

ಹೀಗೆ ಪುಟ್ಟಿ. ಮಗಳನ್ನು ಬೇಡ ಅಂದು ಹಳೇ ಕಾಲದ ತನ್ನನ್ನೇ ಆರಿಸಿಕೊಂಡವಳು ನಿನ್ನ ಅಮ್ಮ ಅಂತ ಡೈರೆಕ್ಟರು ನಿನಗೆ ತಮಾಷೆಯಾಗಿ ಹೇಳಿದರಂತೆ. ಅವರಿಗೆ ಅದು ಒಳ್ಳೆ ಜೋಕು, ಹೋದಲ್ಲೆಲ್ಲ ಹೇಳುತ್ತಿದ್ದಾರೆ. ನಿನಗೆ ಗಾಯಕ್ಕೆ ಉಪ್ಪು ಸವರಿದ ಹಾಗಾಗಿರಬೇಕು. ಆ ನಗುವಿನ ವಿಷಯ ಇನ್ನೂ ಸ್ವಲ್ಪ ಇದೆ. ಬರೆಯಲೋ ಬೇಡವೋ ಅಂತ ಪೆನ್ನು ಹಿಡಿದು ಕೂತಿದ್ದೇನೆ. ಮೊದಲು ಬೇರೆಯದನ್ನು ಮುಗಿಸುತ್ತೇನೆ.

ಅಯ್ಯೋ ಪಾಪ ಅಂತ ನಿನ್ನನ್ನು ಎರಡನೇ ಸುತ್ತಿಗೆ ಕರೆದಿದ್ದಾರೆ ಅಂದುಕೊಂಡಿದ್ದರೆ ಆ ಯೋಚನೆ ಬಿಡು. ನಿನ್ನನ್ನು ಕರೆಯಬೇಕು ಅಂತ ಡೈರೆಕ್ಟರು ಹಟ ಹಿಡಿದದ್ದು ನೀನು ಯಾರು ಅಂತ ಅವರಿಗೆ ಗೊತ್ತಾಗುವ ಮುಂಚೆ. ಏಳನೇ ನಂಬರು ನನ್ನ ಮಗಳು, ಇನ್ನು ನಾನು ಆರಿಸುವವರ ಕುರ್ಚಿಯಲ್ಲಿ ಕೂರುವುದು ಸರಿಯಲ್ಲ ಅಂತ ನಾನು ಹೇಳಿದ್ದು ಮಾರನೇ ದಿನ. ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ಶುಕ್ರವಾರ ನನ್ನ ಕೈಯಲ್ಲಿ ಹಾಳೆ ಇರುವುದಿಲ್ಲ, ಪೆನ್ನೂ ಇರುವುದಿಲ್ಲ. ಪಾತ್ರ ಸಿಕ್ಕಿದರೆ ನಿನ್ನ ಗಂಟಲಿನಿಂದ ಸಿಗುತ್ತದೆ, ಸಿಗದಿದ್ದರೆ ಇಲ್ಲ.

ನನ್ನ ಮೇಲಿನ ಕೋಪಕ್ಕೆ ಪಾತ್ರ ಬಿಡಬೇಡ. ಕೋಪ ಬೇಕಾದರೆ ಇಟ್ಟುಕೋ, ಪಾತ್ರವನ್ನೂ ಮಾಡು, ಎರಡನ್ನೂ ಒಟ್ಟಿಗೆ ಮಾಡಿದವರು ಬೇಕಾದಷ್ಟಿದ್ದಾರೆ. ಸೀರಿಯಲ್ಲಿನಲ್ಲಿ ಕೆಳಗಿನ ಮನೆಯವಳಾಗಿ ನಟಿಸುವವಳೂ ನಾನೂ ಕ್ಯಾಮೆರಾ ನಿಂತ ಮೇಲೆ ಮಾತೇ ಆಡುತ್ತಿರಲಿಲ್ಲ. ಜನ ನಮ್ಮನ್ನು ಅಕ್ಕತಂಗಿಯರು ಅಂದುಕೊಂಡಿದ್ದರು.

ನೀನು ನನ್ನ ಹತ್ತಿರ ಹೇಳದೆ ಕೇಳದೆ ದನಿ ಕಳಿಸಿದೆಯಲ್ಲ, ಅದು ನನಗೆ ಹಿಡಿಸಿತು. ಮನೆಯಲ್ಲಿ ಯಾರಿಗೂ ಕೇಳದ ಹಾಗೆ ಬಟ್ಟೆ ಬೀರುವಿನೊಳಗೆ ತಲೆ ಹಾಕಿ ರೆಕಾರ್ಡ್ ಮಾಡಿದೆಯಂತೆ, ನಿನ್ನ ಗಂಡ ನಿಮ್ಮಪ್ಪನ ಕಿವಿಯಲ್ಲಿ ಊದಿದ್ದಾನೆ. ನನ್ನ ಹಳೇ ಕಂತುಗಳನ್ನು ಹಾಕಿಕೊಂಡು ಹಗಲೆಲ್ಲ ಅಭ್ಯಾಸ ಮಾಡಿದೆ ಅಂತಲೂ ಹೇಳಿದನಂತೆ. ಹಾಗೆ ಮಾಡಬೇಡ. ಶುಕ್ರವಾರದವರೆಗೆ ಒಂದೂ ಕಂತು ನೋಡಬೇಡ. ಅಳಿಯಂದಿರಿಗೆ ಹೇಳು, ಟೀವಿಯ ರಿಮೋಟು ಬಚ್ಚಿಡಲಿ.

ನನ್ನ ಬಗ್ಗೆ ಚಿಂತೆ ಮಾಡಬೇಡ. ಔಷಧಿ ತೆಗೆದುಕೊಳ್ಳುತ್ತೇನೆ, ಕನ್ನಡಿ ಮುಂದೆ ಕೂತು ಕೆನ್ನೆ ಉಬ್ಬಿಸುವ ವ್ಯಾಯಾಮ ಮಾಡುತ್ತೇನೆ, ನಿಮ್ಮಪ್ಪ ಪಕ್ಕದಲ್ಲಿ ಕೂತು ಅವರೂ ಉಬ್ಬಿಸುತ್ತಾರೆ. ನಾವಿಬ್ಬರೂ ಹಾಗೆ ಕೂತದ್ದನ್ನು ಯಾರಾದರೂ ಕಿಟಕಿಯಿಂದ ನೋಡಿದರೆ ಮನೆ ಬದಲಾಯಿಸಬೇಕಾಗುತ್ತದೆ. ದುಃಖ ಇಲ್ಲ. ಸಂತೋಷವೂ ಇಲ್ಲ. ಟೀ ಬಿಸಿಯಾಗಿದೆಯೋ ಅಂತ ತುಟಿಯ ಬಲಗಡೆಯಿಂದ ನೋಡುವ ಹಾಗೆ, ಎಲ್ಲವನ್ನೂ ಒಂದು ಕಡೆಯಿಂದ ಮುಟ್ಟಿ ನೋಡುತ್ತೇನೆ. ನೀನು ಶುಕ್ರವಾರ ಬಂದರೆ ಏನಾದರೂ ಅನ್ನಿಸಬಹುದು ಅಂತ ಒಂದು ಆಸೆ.

ನಿಮ್ಮಪ್ಪನನ್ನು ಸಂಜೆ ಬಸ್ಸಿಗೆ ಕಳಿಸು. ಕಣ್ಣಿಗೆ ಟೇಪು ಅಂಟಿಸಲು ಅವರೇ ಬೇಕು.

ಇಂತಿ, ಊರಿಗೆಲ್ಲ ಆಂಟಿಯಾಗಿ ನಿನಗೊಬ್ಬಳಿಗೆ ಕತ್ತೆಯಾದ,
ನಿನ್ನ ಅಮ್ಮ

ತಾ.ಕ.: ಕವರಿಗೆ ಗೋಂದು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಬರೆದೇ ಬಿಡುತ್ತೇನೆ. ಮುಖ ಹೋಯಿತು, ಮಹಡಿ ಹೋಯಿತು, ನನ್ನದು ಅಂತ ಉಳಿದದ್ದು ಆ ನಗು ಒಂದೇ, ಅದನ್ನೂ ಯಾಕೆ ಕೊಡಲಿ ಅಂತ ಬೆಳಿಗ್ಗೆಯಿಂದ ಕೈ ಹಿಂದೆಮುಂದೆ ನೋಡುತ್ತಿತ್ತು. ಮೊದಲನೇ ಕಂತಿನ ದಿನ ನಿಮ್ಮಪ್ಪನಿಗೆ ಫ್ಯಾಕ್ಟರಿಯಲ್ಲಿ ಡ್ಯೂಟಿ, ನಾಲ್ಕು ವರ್ಷದ ನಿನ್ನನ್ನು ಬಿಡಲು ಯಾರೂ ಇರಲಿಲ್ಲ, ಎತ್ತಿಕೊಂಡೇ ಸ್ಟುಡಿಯೋಗೆ ಹೋಗಿದ್ದೆ. ಮಾತು ಹೇಗೋ ಹೇಳಿದೆ. ನಗು ಬರಲಿಲ್ಲ. ಎಷ್ಟು ಸಲ ನಕ್ಕರೂ ದೊಡ್ಡ ಹೆಂಗಸು ಮಗುವಿನ ಹಾಗೆ ನಕ್ಕಂತೆಯೇ ಇತ್ತು. ನೀನು ಮೈಕಿನ ಕೆಳಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದೆ, ನಿನಗೆ ಬಿಕ್ಕಳಿಕೆ ಹತ್ತಿಕೊಂಡಿತು. ಸುಮ್ಮನಿರಿಸಲು ನಾನು ನಿನ್ನ ಕಡೆ ಬಗ್ಗಿ ಎಡಹುಬ್ಬು ಎತ್ತಿದೆ. ಜೀವನದಲ್ಲಿ ಮೊದಲ ಸಲ ಎತ್ತಿದ್ದು ಅಲ್ಲೇ. ನೀನು ಬಿಕ್ಕಳಿಸಿ, ತಡೆದು, ನಕ್ಕೆ. ಹಳೇ ಸೌಂಡ್ ಮಾಸ್ಟರು ಟೇಪು ನಿಲ್ಲಿಸಲಿಲ್ಲ, ತುಟಿ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ಆ ಕಂತಿನಲ್ಲಿ ಇರುವುದು ನಿನ್ನ ನಗು. ಎರಡನೇ ಕಂತಿನಿಂದ ನಾನು ಆ ಟೇಪು ಹಾಕಿಕೊಂಡು, ಕೇಳಿ ಕೇಳಿ, ಅದನ್ನೇ ಕಲಿತು ನಗುತ್ತ ಬಂದೆ. ಮಾಸ್ಟರು ಈಗಿಲ್ಲ, ನಿಮ್ಮಪ್ಪನಿಗೂ ಇದು ಗೊತ್ತಿಲ್ಲ.

ಆ ದಿನ ಮೇಜು ತಟ್ಟುವ ಮುಂಚೆ ನನ್ನ ಬಾಯಿಂದ ಬಂದ ಮಾತು, ಇವಳು ನನ್ನ ಮಗಳು ಅಂತ. ಸೊಟ್ಟ ಬಾಯಿ, ಯಾರಿಗೂ ತಿಳಿಯಲಿಲ್ಲ, ನಾನೂ ಮತ್ತೆ ಹೇಳಲಿಲ್ಲ. ನಿನ್ನ ಗುರುತು ಹಿಡಿದೆ ಪುಟ್ಟಿ. ಏಳನೇ ನಂಬರಿನಲ್ಲಿ ನೀನು ನನ್ನ ಹಾಗೆ ನಗಲು ಹೋಗಿದ್ದೆ, ಅಲ್ಲಿ ಹಿಡಿಯಲಾಗಲಿಲ್ಲ ಅಷ್ಟೇ. ಶುಕ್ರವಾರ ಗಾಜಿನಾಚೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ. ಎಡಹುಬ್ಬು ಏಳುವುದಿಲ್ಲ. ಬಲದ್ದನ್ನು ಅಭ್ಯಾಸ ಮಾಡುತ್ತಿದ್ದೇನೆ, ಇನ್ನೂ ಸರಿಯಾಗಿ ಬರುತ್ತಿಲ್ಲ. ನೋಡಿ ನಗು ಬಂದರೆ ತಡೆಯಬೇಡ.